ಫಿನ್ ಸ್ಟ್ರ್ಯಾಪ್: ಮನೆಯಲ್ಲೇ ಮಾಡ್ಕೊಳ್ಳೋದಾ, ಅಂಗಡಿಯಿಂದ ತರೋದಾ?

ಲಾಂಗ್ ವೀಕೆಂಡ್ ಬಂದ್ರೆ ಮುಂಬೈ, ಪುಣೆಯಲ್ಲಿರೋ ನಮ್ಮವರು ತಾರ್ಕರ್ಲಿ ಕಡೆ ಹೊರಡ್ತಾರೆ, ಚೆನ್ನೈನವರು ಪುದುಚೇರಿಗೆ. ಹೈದರಾಬಾದ್, ದೆಹಲಿಯವರು ರಜೆ ಕೂಡಿಸಿಟ್ಟು ಅಂಡಮಾನಿಗೆ ಹೋಗ್ತಾರೆ. ಊರಿಗೆ ಬಂದಾಗ ಮುರ್ಡೇಶ್ವರದಿಂದ ದೋಣಿ ಹತ್ತಿದ್ರೆ ನೇತ್ರಾಣಿ ಇದ್ದೇ ಇದೆ. ನಾಲ್ಕೈದು ಸಲ ಡೈವಿಂಗ್ ಆದ ಮೇಲೆ ಬಾಡಿಗೆ ಸಾಮಾನು ಬೇಡ ಅನ್ಸುತ್ತೆ, ಸ್ವಂತ ಫಿನ್ ಬರುತ್ತೆ. ಒಂದೆರಡು ವರ್ಷಕ್ಕೆ ಅದರ ರಬ್ಬರ್ ಪಟ್ಟಿ ಬಿರುಕು ಬಿಡುತ್ತೆ. ಆಗ ಬರೋ ಪ್ರಶ್ನೆನೇ ಇವತ್ತಿನ ವಿಷಯ: ಹೊಸ ಸ್ಟ್ರ್ಯಾಪ್ ದುಡ್ಡು ಕೊಟ್ಟು ತರೋದಾ, ನಾವೇ ಮಾಡ್ಕೊಳ್ಳೋದಾ?

ಮೊದಲೇ ಒಂದು ಮಾತು. ಬೂಟಿನ ಹಾಗೆ ಇಡೀ ಪಾದ ಒಳಗೆ ಹೋಗೋ ಫುಲ್ ಫುಟ್ ಫಿನ್ ನಿಮ್ಮದಾದ್ರೆ ಈ ಚಿಂತೆನೇ ಇಲ್ಲ. ಹಿಮ್ಮಡಿ ಕಡೆ ತೆರೆದಿರೋ, ಬೂಟಿ ಹಾಕ್ಕೊಂಡು ತೊಡೋ ಓಪನ್ ಹೀಲ್ ಫಿನ್ ಇರೋರಿಗೆ ಮಾತ್ರ ಈ ಲೆಕ್ಕ.

ಇಷ್ಟು ಸಣ್ಣ ಪಟ್ಟಿಗೆ ಯಾಕಿಷ್ಟು ಯೋಚನೆ?

ನಮ್ಮ ಕೆಲಸದ ಭಾಷೆಯಲ್ಲೇ ಹೇಳೋದಾದ್ರೆ, ಇದು ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್. ಪಟ್ಟಿ ಹರಿದ್ರೆ ಫಿನ್ ಹೋಯ್ತು. ಶಾಂತ ನೀರಿನಲ್ಲಿ ಇನ್ನೊಂದು ಕಾಲಲ್ಲಿ ಹೇಗೋ ದೋಣಿ ತಲುಪಬಹುದು. ಆದ್ರೆ ಸೆಳೆತ ಇರೋ ಕಡೆ ಬೆನ್ನ ಮೇಲೆ ಸಿಲಿಂಡರ್ ಹೊತ್ಕೊಂಡು ಒಂದೇ ಫಿನ್‌ನಲ್ಲಿ ಈಜೋದು ಅಂದ್ರೆ ಉಸಿರು ಜಾಸ್ತಿ ಆಗುತ್ತೆ, ಗಾಳಿ ಬೇಗ ಖಾಲಿ ಆಗುತ್ತೆ, ಜೊತೆಗಾರರಿಂದ ದೂರ ಆಗ್ತೀರಿ. ಸಣ್ಣ ತೊಂದರೆ ದೊಡ್ಡದಾಗೋದು ಹೀಗೇನೇ.

ಫಿನ್ ಜೊತೆ ಬರೋ ರಬ್ಬರ್ ಪಟ್ಟಿ

ರಬ್ಬರ್‌ಗೆ ಶತ್ರುಗಳು ಬಿಸಿಲು ಮತ್ತು ಗಾಳಿಯಲ್ಲಿರೋ ಓಝೋನ್. ಎಳೆದು ಬಕಲ್‌ಗೆ ಸಿಕ್ಕಿಸಿದ ಜಾಗದಲ್ಲೇ ಮೊದಲು ಬಿರುಕು ಕಾಣಿಸ್ಕೊಳ್ಳುತ್ತೆ. ಡೈವ್‌ಗೆ ಮುಂಚೆ ಪಟ್ಟಿಯನ್ನ ಬೆರಳಲ್ಲಿ ಮಡಚಿ ನೋಡಿ. ಬಾಗಿದ ಕಡೆ ಕೂದಲೆಳೆಯಂಥ ಗೆರೆ ಕಂಡ್ರೂ ಅದರ ಕಾಲ ಮುಗೀತು ಅಂತ ತಿಳ್ಕೊಳ್ಳಿ.

ಇನ್ನೊಂದು ತೊಂದರೆ ನೀರೊಳಗೆ ಹೋದ ಮೇಲೆ ಗೊತ್ತಾಗೋದು. ಬೂಟಿಯ ನಿಯೋಪ್ರೀನ್ ಒಳಗೆ ಪುಟ್ಟ ಪುಟ್ಟ ಗಾಳಿಗುಳ್ಳೆಗಳಿರುತ್ತೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು, 30 ಮೀಟರ್‌ನಲ್ಲಿ ನಾಲ್ಕು ಪಟ್ಟು. ಬೂಟಿ ತೆಳ್ಳಗಾಗುತ್ತೆ. ದೋಣಿಯಲ್ಲಿ ಬಿಗಿಯಾಗಿದ್ದ ಪಟ್ಟಿ ಕೆಳಗೆ ಸಡಿಲ ಅನ್ಸೋದು ಇದಕ್ಕೇನೇ.

ಅಂಗಡಿಯ ಸ್ಪ್ರಿಂಗ್ ಸ್ಟ್ರ್ಯಾಪ್

ಇಲ್ಲಿ ರಬ್ಬರ್ ಬದಲು ಸ್ಟೀಲ್ ಸ್ಪ್ರಿಂಗ್ ಇರುತ್ತೆ. ಬಕಲ್ ಬಿಗಿ ಮಾಡೋ ಕೆಲಸ ಇಲ್ಲ. ಹಿಮ್ಮಡಿ ಹತ್ರ ಇರೋ ಕುಣಿಕೆಗೆ ಹೆಬ್ಬೆರಳು ಹಾಕಿ ಎಳೆದ್ರೆ ಆಯ್ತು. ಬೂಟಿ ತೆಳ್ಳಗಾದ್ರೆ ಸ್ಪ್ರಿಂಗೂ ತಾನಾಗೇ ಕುಗ್ಗುತ್ತೆ. ಅಲೆಯಲ್ಲಿ ಓಲಾಡೋ ದೋಣಿಯ ಏಣಿ ಹಿಡ್ಕೊಂಡು ಒಂದೇ ಕೈಯಲ್ಲಿ ಫಿನ್ ತೆಗೆಯೋವಾಗ ಇದರ ಬೆಲೆ ಗೊತ್ತಾಗುತ್ತೆ. ಬೇಸರದ ಸಂಗತಿ ಅಂದ್ರೆ ರೇಟು. ರಬ್ಬರ್ ಪಟ್ಟಿಗಿಂತ ತುಂಬಾ ಜಾಸ್ತಿ. ಜೊತೆಗೆ ಒಂದು ಕಂಪನಿಯ ಕೊಂಡಿ ಇನ್ನೊಂದು ಕಂಪನಿಯ ಫಿನ್‌ಗೆ ಕೂರಲ್ಲ. ತಗೊಳ್ಳೋಕೆ ಮುಂಚೆ ನಿಮ್ಮ ಫಿನ್ ಮಾಡೆಲ್‌ಗೆ ಸರಿಹೋಗುತ್ತಾ ಅಂತ ಕೇಳಿ.

ಮನೆಯಲ್ಲಿ ಮಾಡೋದಾದ್ರೆ

ಮುಂಬೈನ ನಾಗದೇವಿ ಸ್ಟ್ರೀಟ್, ಹೈದರಾಬಾದಿನ ರಾಣಿಗಂಜ್, ದೆಹಲಿಯ ಚಾವ್ಡಿ ಬಜಾರ್ ಥರದ ಹಾರ್ಡ್‌ವೇರ್ ಗಲ್ಲಿಗಳಲ್ಲಿ ಹುಡುಕಿದ್ರೆ ಬೇಕಾದ್ದು ಸಿಗುತ್ತೆ. ದಾರಿ ಎರಡು.

ಮೊದಲನೇದು ಬಂಜೀ ಹಗ್ಗ, ಅಂದ್ರೆ ಒಳಗೆ ರಬ್ಬರ್ ಎಳೆ, ಹೊರಗೆ ನೇಯ್ದ ಕವಚ. ಅಗ್ಗ, ಹಗುರ, ಅರ್ಧ ಗಂಟೆ ಕೆಲಸ. ಆದ್ರೆ ಇದರಲ್ಲೊಂದು ಮೋಸ ಇದೆ. ಒಳಗಿನ ರಬ್ಬರ್ ಹಾಳಾದ್ರೂ ಕವಚ ಚೆನ್ನಾಗೇ ಕಾಣುತ್ತೆ. ಹಾಗಾಗಿ ಕಣ್ಣಲ್ಲಿ ನೋಡಿ ತೀರ್ಮಾನ ಮಾಡೋ ಹಾಗಿಲ್ಲ, ವರ್ಷಕ್ಕೊಮ್ಮೆ ಬದಲಾಯಿಸಿಬಿಡಿ. ಫಿನ್‌ನ ತೂತಿನ ಅಂಚು ಚೂಪಾಗಿದ್ರೆ ಹಗ್ಗ ಅಲ್ಲೇ ಸವೆಯುತ್ತೆ, ಮರಳು ಕಾಗದದಲ್ಲಿ ಉಜ್ಜಿ ನಯ ಮಾಡಿ. ಗಂಟು ಹಾಕಿದ ಮೇಲೆ ತುದಿಯನ್ನ ಧಾರಾಳವಾಗಿ ಬಿಡಿ, ಬಂಜೀ ಜಾರೋ ಜಾತಿ.

ಎರಡನೇದು ಸ್ಪ್ರಿಂಗ್. ಇಲ್ಲಿ ಮೂರು ವಿಷಯದಲ್ಲಿ ರಾಜಿ ಬೇಡ.

ಒಂದು, ಲೋಹ. 316 ಗ್ರೇಡ್ ಸ್ಟೇನ್‌ಲೆಸ್ ಸ್ಟೀಲ್ ಕೇಳಿ. ಅದರಲ್ಲಿ ಮಾಲಿಬ್ಡಿನಮ್ ಇರೋದ್ರಿಂದ ಉಪ್ಪುನೀರನ್ನ 304 ಗ್ರೇಡ್‌ಗಿಂತ ಚೆನ್ನಾಗಿ ತಡ್ಕೊಳ್ಳುತ್ತೆ. ಅಂಗಡಿಯವರು ಅಯಸ್ಕಾಂತ ಹಿಡಿದು ತೋರ್ಸಿದ್ರೆ ಅದನ್ನೇ ನಂಬ್ಕೊಂಡು ಬರಬೇಡಿ; ಎಳೆದು ಮಾಡಿದ ಸ್ಪ್ರಿಂಗ್ ತಂತಿ ಒಳ್ಳೇ ಸ್ಟೇನ್‌ಲೆಸ್ ಆಗಿದ್ರೂ ಸ್ವಲ್ಪ ಅಂಟ್ಕೊಳ್ಳಬಹುದು.

ಎರಡು, ಸ್ಪ್ರಿಂಗ್ ಒಳಗೆ ಹಿಗ್ಗದ ಒಂದು ದಾರ. ಸ್ಪ್ರಿಂಗನ್ನ ಮಿತಿ ಮೀರಿ ಎಳೆದ್ರೆ ಅದು ಮತ್ತೆ ಮೊದಲಿನ ಉದ್ದಕ್ಕೆ ಬರಲ್ಲ. ದಾರ ಆ ಮಿತಿಯನ್ನ ಕಾಯುತ್ತೆ. ಅದಕ್ಕಿಂತ ಮುಖ್ಯ, ಸ್ಪ್ರಿಂಗ್ ತುಂಡಾದ್ರೂ ಫಿನ್ ಕಾಲಿಗೆ ನೇತಾಡ್ಕೊಂಡಾದ್ರೂ ಇರುತ್ತೆ, ಸಮುದ್ರದ ಪಾಲಾಗಲ್ಲ.

ಮೂರು, ಕೊಂಡಿ. ಸ್ಪ್ರಿಂಗಿನ ತುದಿಯ ಕೊಕ್ಕೆಯನ್ನ ನೇರವಾಗಿ ಸಿಕ್ಕಿಸಿದ್ರೆ ಅದು ಬಾಯಿ ಬಿಟ್ಕೊಂಡು ಕಳಚಬಹುದು. ತಿರುಪು ಇರೋ ಸ್ಟೇನ್‌ಲೆಸ್ ಶ್ಯಾಕಲ್ ಹಾಕಿ. ಹಿಮ್ಮಡಿಗೆ ತಾಗೋ ಕಡೆ ರಬ್ಬರ್ ಕೊಳವೆ ಸೇರಿಸಿ, ಇಲ್ಲಾಂದ್ರೆ ಬೂಟಿ ಹರಿಯುತ್ತೆ.

ಅಳತೆ ತಗೊಳ್ಳೋವಾಗ ಬೂಟಿ ಹಾಕ್ಕೊಂಡೇ ತಗೊಳ್ಳಿ. ಕಾಲು ಒದರಿದ್ರೆ ಫಿನ್ ಅಲ್ಲಾಡಬಾರದು. ಪಾದ ಮರಗಟ್ಟುವಷ್ಟು ಬಿಗಿಯೂ ಇರಬಾರದು.

ಹಾಗಾದ್ರೆ ಯಾವುದು?

ವರ್ಷಕ್ಕೆ ಒಂದೆರಡು ಸಲ ಹೋಗೋರು ಕಂಪನಿಯ ರಬ್ಬರ್ ಪಟ್ಟಿಯನ್ನೇ ಹಾಕಿ, ಇನ್ನೊಂದು ಹೊಸದನ್ನ ಬ್ಯಾಗಲ್ಲಿ ಇಟ್ಕೊಳ್ಳಿ. ಇದೇ ಎಲ್ಲಕ್ಕಿಂತ ಕಡಿಮೆ ಖರ್ಚಿನ, ನೆಮ್ಮದಿಯ ದಾರಿ. ಆಗಾಗ ಹೋಗೋರು ಸ್ಪ್ರಿಂಗ್ ಸ್ಟ್ರ್ಯಾಪ್‌ಗೆ ಒಂದು ಸಲ ದುಡ್ಡು ಹಾಕಿ. ಮನೆಯಲ್ಲಿ ಮಾಡೋದಕ್ಕೆ ನಿಜವಾದ ಕಾರಣ ಇರೋದು ಎರಡು ಕಡೆ: ಹಳೇ ಫಿನ್ ಗಟ್ಟಿಮುಟ್ಟಾಗಿದೆ ಆದ್ರೆ ಅದರ ಬಕಲ್ ಈಗ ಮಾರ್ಕೆಟ್‌ನಲ್ಲಿ ಇಲ್ಲ, ಅಥವಾ ಇಂಥ ಕೆಲಸ ನಿಮಗೆ ಇಷ್ಟ, ಕೈಯೂ ಕುದುರಿದೆ. ಬರೀ ದುಡ್ಡು ಉಳಿಸೋಕೆ ಅಂತ ಹೊರಟ್ರೆ, ಒಳ್ಳೇ ಸ್ಪ್ರಿಂಗ್, ನಾಲ್ಕು ಶ್ಯಾಕಲ್, ಕೊಳವೆ, ಓಡಾಟ ಎಲ್ಲ ಸೇರಿದ್ರೆ ಉಳಿತಾಯ ನೀವು ಅಂದ್ಕೊಂಡಷ್ಟು ಇರಲ್ಲ.

ನೀವೇ ಮಾಡಿದ್ದನ್ನ ನೇರ ಪ್ರೊಡಕ್ಷನ್‌ಗೆ ಬಿಡಬೇಡಿ. ಮೊದಲು ಈಜುಕೊಳದಲ್ಲಿ ಜೋರಾಗಿ ಕಾಲು ಬಡಿದು, ಹತ್ತಾರು ಸಲ ಹಾಕಿ ತೆಗೆದು ನೋಡಿ. ಆಮೇಲೆ ಸೆಳೆತ ಇಲ್ಲದ, ಆಳ ಇಲ್ಲದ ಜಾಗದಲ್ಲಿ. ಹೊಸ ಸ್ಟ್ರ್ಯಾಪ್ ಅಂತ ಜೊತೆಗಾರರಿಗೂ ಹೇಳಿರಿ. ನೀರೊಳಗೆ ಹರಿದ್ರೆ ಅಲ್ಲೇ ರಿಪೇರಿಗೆ ಕೂರಬೇಡಿ. ಸನ್ನೆ ಮಾಡಿ, ಜೊತೆಗಾರರ ಹತ್ರ ಬನ್ನಿ, ಇಬ್ಬರೂ ಸೇರಿ ಡೈವ್ ಮುಗಿಸಿ ಮೇಲೆ ಬನ್ನಿ.

ಕೊಂಡಿದ್ದಾಗಲಿ, ಮಾಡಿದ್ದಾಗಲಿ, ಡೈವ್ ಆದ ಮೇಲೆ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗ್ಸಿ. ಬಾಲ್ಕನಿ ಬಿಸಿಲಿಗೆ ನೇತುಹಾಕಬೇಡಿ. ಮುಂದಿನ ವಿಡಿಯೋದಲ್ಲಿ ಸಿಗೋಣ.