ಗುಣವಾದ ಮೇಲೂ ಮುಗಿಯದ್ದು

ಮೊದಲು ಕಾಣಿಸಿಕೊಂಡದ್ದು ತುರಿಕೆ. ಪಾದದಲ್ಲಿ ಶುರುವಾಗಿ ಕಾಲಿಗೆಲ್ಲ ಹತ್ತಿತು. ಸುಲೈಕಾ ಜವಾದ್ ನಿದ್ದೆಯಲ್ಲೂ ರಕ್ತ ಬರುವಷ್ಟು ಕೆರೆದುಕೊಳ್ಳುತ್ತಿದ್ದರು. ಆಮೇಲೆ ಎಷ್ಟು ಮಲಗಿದರೂ ಹೋಗದ ಸುಸ್ತು. ಕಾಲೇಜು ಮುಗಿಸಿ ಪ್ಯಾರಿಸ್‌ನಲ್ಲಿ ಕೆಲಸಕ್ಕಿದ್ದ ಅಮೆರಿಕದ ಹುಡುಗಿ. ಆ ವಯಸ್ಸಿನವರು ಸುಸ್ತು ಎಂದರೆ ಕೆಲಸ ಜಾಸ್ತಿಯಾಗಿರಬೇಕು ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. 2011ರಲ್ಲಿ, 22ನೇ ವಯಸ್ಸಿಗೆ, ಅದು ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು.

ನಮ್ಮ ರಕ್ತ ತಯಾರಾಗುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಈ ಕಾಯಿಲೆಯಲ್ಲಿ ಬಲಿಯದ ಬಿಳಿ ರಕ್ತಕಣಗಳು ಅಲ್ಲಿ ತುಂಬಿಕೊಂಡು ಉಳಿದವಕ್ಕೆ ಜಾಗವೇ ಇಲ್ಲದಂತೆ ಮಾಡುತ್ತವೆ. ಸುಸ್ತು, ಸೋಂಕು, ರಕ್ತಸ್ರಾವ ಬರುವುದು ಇದರಿಂದಲೇ.

ಸುಲೈಕಾ ಗಂಟುಮೂಟೆ ಕಟ್ಟಿಕೊಂಡು ಅಪ್ಪ ಅಮ್ಮನ ಮನೆಗೆ ಮರಳಿದರು. ಸ್ವಂತ ಕಾಲಮೇಲೆ ನಿಲ್ಲುವ ಹೊತ್ತಿಗೆ ಮತ್ತೆ ಮಗುವಾಗಬೇಕಾದ ಸಂಕಟ ಒಂದು ಕಡೆ. ಇನ್ನೊಂದು ಕಡೆ, ಕೀಮೋ ಔಷಧಿಯಿಂದ ಮುಂದೆ ಮಕ್ಕಳಾಗದೇ ಹೋಗಬಹುದು ಎಂಬ ಮಾತನ್ನು ಅವರೇ ಕೇಳಿ ತಿಳಿದುಕೊಳ್ಳಬೇಕಾಯಿತು. ಚಿಕಿತ್ಸೆಗೆ ಮೊದಲೇ ಅಂಡಾಣುಗಳನ್ನು ಶೈತ್ಯದಲ್ಲಿ ಇಡಿಸಿದರು. ಗಂಡಸರು ವೀರ್ಯವನ್ನು ಇಡಿಸಬಹುದು. ಮದುವೆಯಾಗದ ಮಕ್ಕಳ ಎದುರು ಈ ವಿಷಯ ಎತ್ತಲು ನಮ್ಮ ಮನೆಗಳಲ್ಲಿ ಸಂಕೋಚ; ಆದರೆ ಕೀಮೋ ಶುರುವಾದ ಮೇಲೆ ಕೇಳಿದರೆ ತಡವಾಗಿರುತ್ತದೆ.

2012ರಲ್ಲಿ ತಮ್ಮ ಆಡಮ್‌ನ ಮಜ್ಜೆಯ ಕಸಿಯಾಯಿತು. ಒಡಹುಟ್ಟಿದ ಒಬ್ಬರ ಮಜ್ಜೆ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಕಸಿ ಎಂದರೆ ದೊಡ್ಡ ಆಪರೇಷನ್ ಎಂದು ಅನೇಕರು ಹೆದರುತ್ತಾರೆ. ರೋಗಿಗೆ ಅದು ರಕ್ತ ಏರಿಸಿದಂತೆಯೇ: ಚೀಲದಿಂದ ನಳಿಕೆಗೆ, ನಳಿಕೆಯಿಂದ ರಕ್ತನಾಳಕ್ಕೆ. ಕಷ್ಟವೆಲ್ಲ ಅದರ ಹಿಂದೆ ಮುಂದೆ. ಮೊದಲು ಹಳೆಯ ಮಜ್ಜೆಯನ್ನು ಕೀಮೋದಿಂದ ಅಳಿಸಬೇಕು. ಆಮೇಲೆ ಬಂದ ಹೊಸ ರಕ್ಷಣಾಕಣಗಳು ಅಳಿದುಳಿದ ಕ್ಯಾನ್ಸರನ್ನೂ ಹೊಡೆಯುತ್ತವೆ, ಕೆಲವೊಮ್ಮೆ ರೋಗಿಯ ಚರ್ಮ, ಕರುಳು, ಲಿವರನ್ನೂ ಬಿಡುವುದಿಲ್ಲ.

ಆಸ್ಪತ್ರೆಯ ದಿನಗಳನ್ನು ಅವರು ನ್ಯೂಯಾರ್ಕ್ ಟೈಮ್ಸ್‌ನ ಅಂಕಣದಲ್ಲಿ ಬರೆದರು. ಚಿಕಿತ್ಸೆ ಮುಗಿದಾಗ ಊರವರೆಲ್ಲ ‘ಗುಣವಾಯಿತಲ್ಲ’ ಎಂದರೆ, ಅವರಿಗೆ ದಿಕ್ಕೇ ತೋಚಲಿಲ್ಲ. ಅಂಕಣ ಓದಿ ಪತ್ರ ಬರೆದಿದ್ದವರನ್ನು ಹುಡುಕಿಕೊಂಡು ನಾಯಿಯೊಂದಿಗೆ ಕಾರಿನಲ್ಲಿ ಅಮೆರಿಕ ಸುತ್ತಿದರು. ಅದೇ 2021ರ ಅವರ ಪುಸ್ತಕ ‘ಬಿಟ್ವೀನ್ ಟೂ ಕಿಂಗ್‌ಡಮ್ಸ್’. ಆ ವರ್ಷದ ಕೊನೆಗೇ ಕಾಯಿಲೆ ಮರುಕಳಿಸಿತು.

ರೋಗ ತಗ್ಗಿದೆ ಎಂದು ವೈದ್ಯರು ಹೇಳುವುದು ಪರೀಕ್ಷೆಗೆ ಸಿಕ್ಕಷ್ಟರ ಲೆಕ್ಕ. ಕಣ್ಣಿಗೆ ಬೀಳದೆ ಉಳಿದ ಕೆಲವೇ ಕಣ ವರ್ಷಗಳ ನಂತರ ಬೆಳೆಯಬಹುದು. ಇದಕ್ಕೂ ರೋಗಿಯ ಪಥ್ಯಕ್ಕೂ ಮನೋಬಲಕ್ಕೂ ಸಂಬಂಧ ಕಟ್ಟುವುದು ಅನ್ಯಾಯ.

2022ರಲ್ಲಿ ಮತ್ತೆ ಕಸಿ, ಕೊಟ್ಟವನು ಮತ್ತೆ ಆಡಮ್. ಔಷಧಿಯಿಂದ ದೃಷ್ಟಿ ಮಸುಕಾಗಿ ಅಕ್ಷರ ಕೂಡದಾದಾಗ ಸುಲೈಕಾ ಹಾಸಿಗೆಯಲ್ಲೇ ಜಲವರ್ಣ ಹಿಡಿದರು. 2024ರಲ್ಲಿ ಮೂರನೇ ಸಲ ಲ್ಯುಕೇಮಿಯಾ ಬಂತು. ಆ ಸಲ ಕೀಮೋಗೆ ಕೊನೆಯ ದಿನ ಗೊತ್ತುಮಾಡಿರಲಿಲ್ಲ. ಅದರ ನಡುವೆಯೇ 2025ರಲ್ಲಿ, ದಿನಚರಿ ಬರೆಯುವುದರ ಬಗ್ಗೆ ಅವರ ಇನ್ನೊಂದು ಪುಸ್ತಕ ಹೊರಬಂತು.