ಮೀನುಮರಿಗೆ ಕೊಳ ಹದವಾದದ್ದನ್ನು ತಿಳಿಯುವುದು ಹೇಗೆ?

ಮೊಟ್ಟೆಯೊಡೆದು ಮೂರು ದಿನವಾದ ಕಟ್ಲಾ, ರೋಹು ಅಥವಾ ಮೃಗಾಲ್ ಮರಿಯ ಉದ್ದ ಕೇವಲ 5ರಿಂದ 6 ಮಿಲಿಮೀಟರ್. ಹುಟ್ಟುವಾಗ ಹೊಟ್ಟೆಗೆ ಅಂಟಿಕೊಂಡು ಬಂದಿದ್ದ ಹಳದಿ ಚೀಲದ ಬುತ್ತಿ ಅಷ್ಟರಲ್ಲಿ ಕರಗಿರುತ್ತದೆ. ಇನ್ನು ಮುಂದೆ ಅದು ಬಾಯಿ ತೆರೆದು ಹೊರಗಿನ ಆಹಾರವನ್ನೇ ತಿನ್ನಬೇಕು. ಮೀನುಗಾರಿಕೆಯವರು ಸ್ಪಾನ್ ಎಂದು ಕರೆಯುವ ಈ ಹಂತದಲ್ಲೇ ಮರಿಯನ್ನು ಪಾಲನಾ ಕೊಳಕ್ಕೆ ಬಿಡುತ್ತಾರೆ. ಕೊಳ ಹದವಾಗಿರದಿದ್ದರೆ ಲಕ್ಷಗಟ್ಟಲೆ ಮರಿಗಳು ಎರಡು ಮೂರು ದಿನಗಳಲ್ಲೇ ಸತ್ತುಹೋಗುತ್ತವೆ.

ಹೊಸಪೇಟೆಯ ಟಿ.ಬಿ. ಡ್ಯಾಂನಲ್ಲಿ ತುಂಗಭದ್ರಾ ಮಂಡಳಿಯ ಮೀನುಮರಿ ಸಾಕಣೆ ಕೇಂದ್ರವಿದೆ. 1953ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಹಿಂದೆ, ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ಹರಡುವ ಜಲಾಶಯವಿದೆ. ಅದರಲ್ಲಿ ಹರಿಗೋಲು ಹಾಕಿ ಬಲೆ ಬೀಸುವ ಕುಟುಂಬಗಳ ಬದುಕು ಬಿತ್ತನೆ ಮರಿಗಳನ್ನು ಅವಲಂಬಿಸಿದೆ. ಕಟ್ಲಾ, ರೋಹು, ಮೃಗಾಲ್ ಮೂರೂ ಗಂಗಾ ಬಯಲಿನಿಂದ ದಕ್ಷಿಣಕ್ಕೆ ಬಂದ ಮೀನುಗಳು. ಮಳೆಗಾಲದಲ್ಲಿ ಹರಿಯುವ ನದಿನೀರಿನಲ್ಲಿ ಮೊಟ್ಟೆಯಿಡುವ ಇವು ನಿಂತ ಕೊಳದಲ್ಲಿ ತಾವಾಗಿ ಮರಿಮಾಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಅವರು ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆಯಿಡಿಸುವುದರಲ್ಲಿ ಯಶಸ್ವಿಯಾದರು. ಆ ದಿನವನ್ನು ಇಂದು ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸಲಾಗುತ್ತದೆ. ಅಂದಿನಿಂದ ಮೊಟ್ಟೆಗೆ ಬರವಿಲ್ಲ. ಮರಿಯನ್ನು ಬದುಕಿಸುವ ಕೆಲಸ ಮಾತ್ರ ಈಗಲೂ ಕೊಳದ ಹದವನ್ನೇ ನಂಬಿಕೊಂಡಿದೆ.

ಕೊಳದ ತಯಾರಿ ಬೇಸಿಗೆಯಲ್ಲೇ ಶುರುವಾಗುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ನೀರು ಬಸಿದ ಕೊಳದ ತಳ ಬಿರುಕು ಬಿಡುವವರೆಗೆ ಒಣಗಬೇಕು. ತಳದ ಕಪ್ಪು ಕೆಸರಿನಲ್ಲಿ ಕೊಳೆತ ವಸ್ತುವಿನಿಂದ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲ ಗಾಳಿಗೆ ತೆರೆದುಕೊಂಡು ಹೋಗುತ್ತದೆ. ಮರಿಗಳನ್ನು ತಿನ್ನುವ ಕೊರವ, ಬಾಳೆ, ಮುರುಗೋಡು ಮೀನುಗಳೂ ಉಳಿಯುವುದಿಲ್ಲ. ಬಸಿಯಲಾಗದ ಕೊಳಕ್ಕೆ ಹಿಪ್ಪೆ ಹಿಂಡಿ ಹಾಕುತ್ತಾರೆ. ಒಂದು ಮೀಟರ್ ಆಳದ ಒಂದು ಹೆಕ್ಟೇರ್ ನೀರಿಗೆ 2,000ದಿಂದ 2,500 ಕಿಲೋ ಬೇಕು. ಹಿಂಡಿಯಲ್ಲಿರುವ ಸಪೋನಿನ್ ಕಿವಿರುಗಳ ಮೂಲಕ ಮೀನಿನ ರಕ್ತಕ್ಕೆ ಸೇರಿ ಕೆಂಪು ಕಣಗಳನ್ನು ಒಡೆಯುತ್ತದೆ. ಈ ವಿಷ ಇಳಿಯಲು ಎರಡು ಮೂರು ವಾರ ಬೇಕು. ಆಮೇಲೆ ಅದೇ ಹಿಂಡಿ ಗೊಬ್ಬರವಾಗುತ್ತದೆ. ಹೊಸ ನೀರನ್ನು ತುಂಬುವಾಗ ತೂಬಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಬೇಕು. ಇಲ್ಲದಿದ್ದರೆ ಕಾಲುವೆ ನೀರಿನ ಜೊತೆಗೆ ಬೇರೆ ಮೀನಿನ ಮೊಟ್ಟೆಮರಿಗಳು ನುಗ್ಗುತ್ತವೆ.

ಆಮೇಲೆ ಸುಣ್ಣ, ಅದಾದ ಮೇಲೆ ಗೊಬ್ಬರ. ಹೆಕ್ಟೇರಿಗೆ 200ರಿಂದ 300 ಕಿಲೋ ಸುಣ್ಣ ಹಾಕಿದರೆ ಹುಳಿ ಮಣ್ಣು ತಣಿದು ನೀರು ಸ್ವಲ್ಪ ಕ್ಷಾರವಾಗುತ್ತದೆ. ಪಿಎಚ್ 7.5ರಿಂದ 8.5ರ ನಡುವೆ ಇದ್ದರೆ ಒಳ್ಳೆಯದು. ಮರಿ ಬಿಡುವ ಹತ್ತು ಹದಿನೈದು ದಿನ ಮೊದಲು ಹೆಕ್ಟೇರಿಗೆ 5ರಿಂದ 10 ಟನ್ ಸಗಣಿ ಗೊಬ್ಬರ ಹಾಕುವುದು ವಾಡಿಕೆ. ಇದು ನೇರವಾಗಿ ಮರಿಯ ಆಹಾರವಲ್ಲ. ಸಗಣಿಯನ್ನು ಬ್ಯಾಕ್ಟೀರಿಯಾ ಕೊಳೆಸುತ್ತವೆ. ಬಿಡುಗಡೆಯಾದ ಪೋಷಕಾಂಶಗಳಿಂದ ಸೂಕ್ಷ್ಮ ಪಾಚಿ ಬೆಳೆಯುತ್ತದೆ. ಪಾಚಿ ಮತ್ತು ಬ್ಯಾಕ್ಟೀರಿಯಾಗಳನ್ನು ತಿಂದು ರೋಟಿಫರ್ ಎಂಬ ಸೂಕ್ಷ್ಮಪ್ರಾಣಿಗಳು ಹೆಚ್ಚುತ್ತವೆ. ಅವುಗಳ ಹಿಂದೆಯೇ ನೀರುಚಿಗಟದ ಜಾತಿಯ ಮೊಯಿನಾ ಬರುತ್ತದೆ. ಪುಟ್ಟ ಬಾಯಿಯ ಸ್ಪಾನ್‌ಗೆ ಮೊದಲ ಊಟ ರೋಟಿಫರ್. ಮರಿ ಬೆಳೆದಂತೆ ಮೊಯಿನಾ. ಕೊಳವನ್ನು ಹಾಗೆಯೇ ಬಿಟ್ಟರೆ ಸೈಕ್ಲಾಪ್ಸ್ ಹೆಚ್ಚುತ್ತದೆ, ಅದು ಸ್ಪಾನ್‌ನ ಮೇಲೆಯೇ ಎರಗಬಲ್ಲದು. ಆದ್ದರಿಂದ ಹದ ಬರುವ ಮುನ್ನ ಮರಿ ಬಿಡುವುದು ಎಷ್ಟು ತಪ್ಪೋ ಹದ ಮೀರಿದ ಮೇಲೆ ಬಿಡುವುದೂ ಅಷ್ಟೇ ತಪ್ಪು.

ಗೊಬ್ಬರ ಕೊಳೆಯುವಾಗ ಅಮೋನಿಯವೂ ಹುಟ್ಟುತ್ತದೆ. ಬ್ಯಾಕ್ಟೀರಿಯಾದ ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಆಗಿಯೂ ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಅಮೋನಿಯ ಕಿವಿರುಗಳನ್ನು ಸುಡುತ್ತದೆ, ನೈಟ್ರೈಟ್ ರಕ್ತವನ್ನು ಕಂದಾಗಿಸಿ ಆಮ್ಲಜನಕ ಹೊರುವ ಶಕ್ತಿಯನ್ನೇ ಕೆಡಿಸುತ್ತದೆ. ನೈಟ್ರೇಟ್‌ನಿಂದ ಅಷ್ಟು ಅಪಾಯವಿಲ್ಲ. ಮನೆಯ ಗಾಜಿನ ತೊಟ್ಟಿಯಲ್ಲಿ ಸಮುದ್ರದ ಮೀನು ಸಾಕುವವರೂ ಕಾಯುವುದು ಇದೇ ಬದಲಾವಣೆಗಾಗಿ. ಕಲ್ಲು, ಮರಳಿನ ಮೇಲೆ ಈ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗಿಳಿದು ನೈಟ್ರೇಟ್ ಕಾಣಿಸಿಕೊಂಡ ಮೇಲೆಯೇ ತೊಟ್ಟಿ ಮೀನಿಗೆ ಯೋಗ್ಯ. ಮಣ್ಣಿನ ಕೊಳದಲ್ಲಿ ಪಾಚಿಯೂ ಅಮೋನಿಯವನ್ನು ಹೀರುವುದರಿಂದ ಕೆಲಸ ಬೇಗ ಮುಗಿಯುತ್ತದೆ.

ಪರೀಕ್ಷೆಯ ಹೊತ್ತೂ ಮುಖ್ಯ. ರಾತ್ರಿಯಿಡೀ ಪಾಚಿಯೂ ಉಸಿರಾಡುವುದರಿಂದ ಆಮ್ಲಜನಕ ಬೆಳಗಿನ ಜಾವ ಅತಿ ಕಡಿಮೆ ಇರುತ್ತದೆ. ಆಗಲೂ ಲೀಟರಿಗೆ 4 ಮಿಲಿಗ್ರಾಂಗಿಂತ ಕೆಳಗೆ ಇಳಿಯಬಾರದು. ಅಮೋನಿಯವನ್ನು ಮಧ್ಯಾಹ್ನದ ಮೇಲೆ ನೋಡಬೇಕು. ಬಿಸಿಲಿನಲ್ಲಿ ಪಾಚಿ ಇಂಗಾಲದ ಡೈಆಕ್ಸೈಡನ್ನು ಹೀರಿ ಪಿಎಚ್ ಏರಿಸುತ್ತದೆ, ಪಿಎಚ್ ಮತ್ತು ಶಾಖ ಏರಿದಷ್ಟೂ ಅಮೋನಿಯದ ವಿಷಭಾಗ ಹೆಚ್ಚುತ್ತದೆ.

ಆಹಾರವನ್ನು ಅಳೆಯಲು ದುಬಾರಿ ಉಪಕರಣ ಬೇಡ. ಕೊಳದ ಬೇರೆ ಬೇರೆ ಕಡೆಯಿಂದ ಒಟ್ಟು 50 ಲೀಟರ್ ನೀರನ್ನು ಪ್ಲಾಂಕ್ಟನ್ ಬಲೆಯಲ್ಲಿ ಸೋಸಬೇಕು. ಬಲೆಯ ತುದಿಯ ಗಾಜಿನ ನಳಿಕೆಯಲ್ಲಿ ನಿಂತ ನೀರನ್ನು ಬೆಳಕಿಗೆ ಹಿಡಿದರೆ ಬಿಳಿ, ಕಂದು ಚುಕ್ಕಿಗಳು ಮೇಲೆ ಕೆಳಗೆ ಪುಟಿಯುತ್ತಿರುವುದು ಬರಿಗಣ್ಣಿಗೇ ಕಾಣುತ್ತದೆ. ಅದಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿದರೆ ಚಲನೆ ನಿಂತು, ಜೀವಿಗಳೆಲ್ಲ ತಳಕ್ಕೆ ಇಳಿಯುತ್ತವೆ. ತಳದಲ್ಲಿ ಕುಳಿತದ್ದು 1ರಿಂದ 2 ಮಿಲಿಲೀಟರ್ ಇದ್ದರೆ ಆಹಾರ ಸಾಕಷ್ಟಿದೆ ಎಂದರ್ಥ. ಅದು ಹಸಿರಾಗಿದ್ದರೆ ಪಾಚಿಯೇ ಹೆಚ್ಚಿದೆ, ಇನ್ನೂ ಕಾಯಬೇಕು. ಕಂದು ಬಣ್ಣ ಮರಿಗೆ ಬೇಕಾದ ಪ್ರಾಣಿ ಪ್ಲಾಂಕ್ಟನ್‌ನ ಗುರುತು. ತಳದವರೆಗೆ ಕಾಣುವ ತಿಳಿನೀರು ಕಣ್ಣಿಗೆ ಚೆನ್ನ. ಮರಿಗೆ ಅದು ಉಪವಾಸ.

ಗೊಬ್ಬರ ಬಿದ್ದ ನೀರಿಗೆ ಶತ್ರುಗಳೂ ಹಾರಿ ಬರುತ್ತವೆ. ಅಂಗಾತ ಈಜುವ ನೀರು ತಿಗಣೆ, ಮುಳುಗು ಜೀರುಂಡೆ, ಕೊಡತಿ ಹುಳದ ಮರಿಹುಳು ಸ್ಪಾನ್ ಹಿಡಿದು ತಿನ್ನುತ್ತವೆ. ಇವುಗಳಲ್ಲಿ ತಿಗಣೆ, ಜೀರುಂಡೆಗಳು ಉಸಿರಿಗಾಗಿ ನೀರಿನ ಮೇಲಕ್ಕೆ ಬರಲೇಬೇಕು. ಹೆಕ್ಟೇರಿಗೆ 56 ಕಿಲೋ ಅಗ್ಗದ ಎಣ್ಣೆಯನ್ನು 18 ಕಿಲೋ ಸಾಬೂನಿನೊಂದಿಗೆ ಕಲಸಿ, ಮರಿ ಬಿಡುವ 12ರಿಂದ 24 ಗಂಟೆ ಮೊದಲು ಗಾಳಿಯಿಲ್ಲದ ಹೊತ್ತಿನಲ್ಲಿ ಹರಡಿದರೆ ಎಣ್ಣೆಯ ಪೊರೆ ಅವುಗಳ ಉಸಿರುದಾರಿಯನ್ನು ಮುಚ್ಚುತ್ತದೆ. ಮೇಲೆ ಬಾರದ ಹುಳುಗಳನ್ನು ಸಣ್ಣ ಕಣ್ಣಿನ ಬಲೆಯೆಳೆದು ತೆಗೆಯಬೇಕು.

ಕೊನೆಯ ತೀರ್ಪು ಮರಿಯದ್ದೇ. ಕೊಳದಲ್ಲಿ ಹಾಪಾ ಎಂಬ ಬಟ್ಟೆಬಲೆಯ ತೊಟ್ಟಿ ಕಟ್ಟಿ, ಅದರಲ್ಲಿ ಒಂದಷ್ಟು ಸ್ಪಾನ್ ಬಿಟ್ಟು 24 ಗಂಟೆ ಗಮನಿಸಬೇಕು. ಚುರುಕಾಗಿ ಓಡಾಡುತ್ತಿದ್ದರೆ ವಿಷ ಉಳಿದಿಲ್ಲ, ಉಸಿರಿಗೆ ಕೊರತೆಯಿಲ್ಲ. ಆಗ ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ ಮರಿ ತುಂಬಿದ ಚೀಲಗಳನ್ನು ಕೊಳದ ಮೇಲೆ ಕಾಲು ಗಂಟೆಯಿಂದ ಅರ್ಧ ಗಂಟೆ ತೇಲಿಬಿಟ್ಟು, ಒಳಗೂ ಹೊರಗೂ ಶಾಖ ಸಮವಾದ ಮೇಲೆ ಕೊಳದ ನೀರನ್ನು ಸ್ವಲ್ಪಸ್ವಲ್ಪವಾಗಿ ಚೀಲಕ್ಕೆ ಬೆರೆಸಿ, ಮರಿಗಳು ತಾವಾಗಿ ಈಜಿ ಹೊರಬರಲು ಬಿಡಬೇಕು. ಹೆಕ್ಟೇರಿಗೆ 30ರಿಂದ 50 ಲಕ್ಷ ಸ್ಪಾನ್ ಬಿಡಬಹುದು. ಹದಿನೈದು ಇಪ್ಪತ್ತು ದಿನಗಳಲ್ಲಿ ಅವು 20ರಿಂದ 25 ಮಿಲಿಮೀಟರ್ ಉದ್ದಕ್ಕೆ ಬೆಳೆಯುತ್ತವೆ. ಜಲಾಶಯದ ದೊಡ್ಡ ಮೀನುಗಳ ಬಾಯಿಂದ ಪಾರಾಗಲು ಸುಮಾರು 10 ಸೆಂಟಿಮೀಟರ್ ಆಗುವವರೆಗೆ ಅವನ್ನು ಇನ್ನೊಂದು ಕೊಳದಲ್ಲಿ ಬೆಳೆಸಬೇಕಾಗುತ್ತದೆ.

ಕಂಪ್ಲಿ, ಸಂಡೂರು ಕಡೆ ಸ್ವಂತ ಕೊಳದಲ್ಲಿ ಮರಿ ಸಾಕಲು ಹೊರಟ ರೈತರು ಒಂದು ಮಾತನ್ನು ಮನಸ್ಸಿನಲ್ಲಿಡಬೇಕು: ಗೊಬ್ಬರ ಹಾಕಿ ಇಷ್ಟು ದಿನವಾಯಿತು ಎಂಬ ಲೆಕ್ಕ ಬರೀ ಅಂದಾಜು. ಮೋಡ ಕವಿದರೆ ಪಾಚಿ ತಡವಾಗುತ್ತದೆ, ಬಿಸಿಲು ಹೆಚ್ಚಿದರೆ ಬೇಗ ಬರುತ್ತದೆ. ನಳಿಕೆಯ ತಳದಲ್ಲಿ ಆಹಾರ ಕಂಡು, ಹಾಪಾದ ಮರಿ ಒಂದು ದಿನ ಬದುಕಿದ ಮೇಲೆಯೇ ಬಿತ್ತನೆಗೆ ದುಡ್ಡು ಕೊಡಿ.