ಮೊದಲ ಕೀಮೋಗೆ ಮುನ್ನ ಕೇಳಬೇಕಾದ ಮಾತು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರಿಗೆ ಕ್ಯಾನ್ಸರ್ ಎಂದು ಗೊತ್ತಾದರೆ ಪ್ರಯಾಣ ದೂರದ್ದೇ. ಕೆಲವರು ಬೆಂಗಳೂರಿನ ಕಿದ್ವಾಯಿಗೆ, ಕೆಲವರು ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ, ಇನ್ನು ಕೆಲವರು ದಾವಣಗೆರೆಗೆ ಹೋಗುತ್ತಾರೆ. ಎಷ್ಟೋ ಕೀಮೋ ಒಂದೇ ದಿನದಲ್ಲಿ ಮುಗಿಯುತ್ತದೆ. ಬೆಳಿಗ್ಗೆ ರಕ್ತ ಪರೀಕ್ಷೆ, ಆಮೇಲೆ ಬಾಟಲಿ, ಸಂಜೆಗೆ ಊರಿನ ಬಸ್ಸು. ಮುಂದಿನ ಸರದಿ ಹಲವು ಔಷಧಿಗಳಿಗೆ 21 ದಿನಕ್ಕೆ. ನಡುವಿನ ದಿನಗಳೆಲ್ಲ ಮನೆಯಲ್ಲಿ, ವೈದ್ಯರಿಂದ ದೂರ. ದೊಡ್ಡ ಅಪಾಯ ಎದುರಾಗುವುದು ಸಾಮಾನ್ಯವಾಗಿ ಆಗಲೇ.

ಕೀಮೋ ಔಷಧಿ ವೇಗವಾಗಿ ಬೆಳೆಯುವ ಕೋಶಗಳನ್ನು ಕೊಲ್ಲುತ್ತದೆ. ಕೂದಲ ಬೇರು, ಬಾಯೊಳಗಿನ ಪದರ, ಮೂಳೆಯ ಮಜ್ಜೆ ಕೂಡ ವೇಗವಾಗಿ ಬೆಳೆಯುವಂಥವೇ. ಕೂದಲು ಉದುರುವುದು ಕಣ್ಣಿಗೆ ಕಾಣುತ್ತದೆ, ಜನ ಅದಕ್ಕೇ ಹೆದರುತ್ತಾರೆ. ಕಾಣದೆ ನಡೆಯುವುದು ಮಜ್ಜೆಯಲ್ಲಿ. ಸೂಜಿಯಾದ 7ರಿಂದ 14 ದಿನಗಳ ಸುಮಾರಿಗೆ ಬಿಳಿ ರಕ್ತಕಣ ತೀರಾ ಇಳಿದಿರುತ್ತವೆ. ಆಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದು ತುರ್ತು ಸ್ಥಿತಿ. ಕೆಮ್ಮು, ನೋವು ಏನೂ ಇಲ್ಲದಿದ್ದರೂ ಸರಿ, ನಡುರಾತ್ರಿಯಾದರೂ ಸರಿ, ತಡಮಾಡುವಂತಿಲ್ಲ. ರಕ್ತ ಪರೀಕ್ಷೆಯಾಗಿ, ರಕ್ತನಾಳದ ಮೂಲಕ ಆಂಟಿಬಯೋಟಿಕ್ ಬೇಗ ಸಿಗಬೇಕು. ಒಂದು ಪ್ಯಾರಾಸಿಟಮಾಲ್ ನುಂಗಿ ಬೆಳಗಿನ ತನಕ ನೋಡೋಣ ಅನ್ನುವುದು, ಊರಲ್ಲೇ ಯಾರ ಹತ್ತಿರವೋ ಒಂದು ಸೂಜಿ ಮಾಡಿಸಿಕೊಳ್ಳುವುದು ಜೀವಕ್ಕೆ ಎರವಾಗಬಹುದು. ಮಾತ್ರೆಗೆ ಜ್ವರ ಇಳಿಯುತ್ತದೆ, ಸೋಂಕು ಇಳಿಯುವುದಿಲ್ಲ.

ಅದಕ್ಕೇ ಮೊದಲ ಬಾಟಲಿ ಏರುವ ಮುನ್ನ ವೈದ್ಯರನ್ನು ಕೇಳಲೇಬೇಕಾದ ಮಾತು ಇದು: ‘ರಾತ್ರಿ ಜ್ವರ ಬಂದರೆ ಎಲ್ಲಿಗೆ ಹೋಗಲಿ, ಯಾವ ನಂಬರಿಗೆ ಫೋನ್ ಮಾಡಲಿ?’ ಉತ್ತರವನ್ನು ಫೈಲಿನ ಮೊದಲ ಹಾಳೆಯಲ್ಲೇ ಬರೆಸಿಕೊಳ್ಳಿ. ಔಷಧಿಯ ಹೆಸರು, ಕೊಟ್ಟ ತಾರೀಖು ಅಲ್ಲೇ ಇರಲಿ. ಮನೆಗೆ ಒಂದು ಥರ್ಮಾಮೀಟರ್ ತನ್ನಿ.

ಯಾವ ಔಷಧಿ ಎಂದು ಕೇಳುವುದೂ ನಿಮ್ಮ ಹಕ್ಕು. ಸ್ತನ ಕ್ಯಾನ್ಸರಿಗೆ ಅನೇಕರಿಗೆ ಕೊಡುವ ಡಾಕ್ಸೊರುಬಿಸಿನ್ ಕೆಂಪು ಬಣ್ಣದ್ದು. ಒಂದೆರಡು ದಿನ ಮೂತ್ರ ಕೆಂಪಾದರೆ ಅದು ರಕ್ತವಲ್ಲ, ಔಷಧಿಯ ಬಣ್ಣ. ಹೃದಯಕ್ಕೆ ಭಾರ ಬೀಳಬಹುದಾದ್ದರಿಂದ ಮೊದಲೇ ಹೃದಯದ ಎಕೋ ಪರೀಕ್ಷೆ ಮಾಡಿಸುತ್ತಾರೆ. ಇಡೀ ಜೀವಮಾನಕ್ಕೆ ಇಷ್ಟೇ ಎಂಬ ಮಿತಿಯೂ ಇದೆ, ಹಾಗಾಗಿ ಹಿಂದೆ ಬೇರೆಡೆ ಕೀಮೋ ಆಗಿದ್ದರೆ ಮುಚ್ಚಿಡಬೇಡಿ. ಔಷಧಿ ನಾಳದಿಂದ ಹೊರಗೆ ಸೋರಿದರೆ ಅಲ್ಲಿನ ಮಾಂಸವೇ ಕೊಳೆಯಬಹುದು. ಕೈ ಉರಿದರೆ, ಊದಿದರೆ ಸಂಕೋಚಪಡದೆ ಆ ಕ್ಷಣವೇ ನರ್ಸನ್ನು ಕೂಗಿ. ತಡೆದುಕೊಳ್ಳುವುದೇ ದೊಡ್ಡತನ ಎಂದು ಬೆಳೆದ ನಮ್ಮ ಹೆಣ್ಣುಮಕ್ಕಳಿಗೆ ಈ ಮಾತನ್ನು ಒತ್ತಿ ಹೇಳಬೇಕಾಗಿದೆ.

ವಿನ್‌ಕ್ರಿಸ್ಟಿನ್ ಎಂಬ ಇನ್ನೊಂದು ಕೀಮೋ ಔಷಧಿ ಸಿಗುವುದು ನಮ್ಮ ಅಂಗಳದಲ್ಲೇ ಬೆಳೆಯುವ ಕಾಶಿ ಕಣಗಿಲೆಯಿಂದ. ಹಾಗೆಂದು ಅದರ ಎಲೆ ಅರೆದು ಕುಡಿಯುವುದು ವಿಷ ಕುಡಿದಂತೆ. ಈ ಔಷಧಿಯಿಂದ ಮಲಬದ್ಧತೆ, ಪಾದ ಜೋಮು ಬರುವುದುಂಟು. ಬರಿಗಾಲಲ್ಲಿ ಹೊಲಕ್ಕೆ ಇಳಿಯುವವರಿಗೆ ಮುಳ್ಳು ಚುಚ್ಚಿದ್ದೂ ತಿಳಿಯದೆ ಹೋಗಬಹುದು. ಸಿಸ್‌ಪ್ಲಾಟಿನ್ ಆದರೆ ಮೂತ್ರಪಿಂಡ, ಕಿವಿಯ ಮೇಲೆ ಕಣ್ಣಿಟ್ಟಿರಬೇಕು.

ಬಿಪಿ, ಸಕ್ಕರೆ ಮಾತ್ರೆ, ನಾಟಿ ಕಷಾಯ, ಭಸ್ಮ ಎಲ್ಲವನ್ನೂ ವೈದ್ಯರಿಗೆ ಹೇಳಿ. ಚಿಕಿತ್ಸೆಯ ಕಾಲದಲ್ಲಿ ಗರ್ಭ ನಿಲ್ಲಬಾರದು, ಇದು ಗಂಡಸರಿಗೂ ಅನ್ವಯಿಸುವ ಮಾತು. ಮುಂದೆ ಮಕ್ಕಳು ಬೇಕೆನ್ನುವವರು ಮೊದಲ ಕೀಮೋಗೆ ಮುಂಚೆಯೇ ಕೇಳಬೇಕು, ಆಮೇಲೆ ಕೇಳಿದರೆ ತಡವಾಗಿರಬಹುದು.

ರೋಗಿಯ ತಟ್ಟೆ ಬೇರೆ ಇಡುವ ಮನೆಗಳಿವೆ. ಕ್ಯಾನ್ಸರ್ ಅಂಟುವ ರೋಗವಲ್ಲ. ಕೀಮೋ ಆದ ಮೇಲೆ ಎರಡು ದಿನ ಮೂತ್ರ, ವಾಂತಿ ಬಳಿಯುವಾಗ ಕೈಗವಸು ಹಾಕಿಕೊಂಡರೆ ಸಾಕು, ಜೊತೆಗೆ ಕೂತು ಉಣ್ಣಬಹುದು. ರಕ್ತಕಣ ಇಳಿದ ದಿನಗಳಲ್ಲಿ ದನದ ಕೊಟ್ಟಿಗೆಯ ಕೆಲಸ ಬೇಡ, ತೊಳೆಯದ ಹಸಿ ಸೊಪ್ಪು ಬೇಡ. ಕೊಟ್ಟೂರಿನ ತೇರಿಗೆ, ಮೈಲಾರದ ಕಾರ್ಣಿಕಕ್ಕೆ ಹೋಗದಿರುವುದು ಮನಸ್ಸಿಗೆ ಕಷ್ಟ. ಆದರೂ ಆ ಜನಜಂಗುಳಿ ಈ ಒಂದು ವರ್ಷ ಬೇಡ.

ಖರ್ಚಿನ ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರಿನಲ್ಲಿ ಪೂರ್ತಿ ರಿಯಾಯಿತಿ, ಜೊತೆಗಾರರಿಗೆ ಶೇ 75. ಅದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಬೇಕು. 2025ರಲ್ಲಿ ರಾಜ್ಯ ಸರ್ಕಾರ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಕೇಂದ್ರಗಳನ್ನು ಆರಂಭಿಸಿತು. ಮುಂದಿನ ಸರದಿಗಳನ್ನು ಹತ್ತಿರದಲ್ಲೇ ಪಡೆಯಲು ಸಾಧ್ಯವೇ ಎಂದು ನಿಮ್ಮ ವೈದ್ಯರನ್ನು ವಿಚಾರಿಸಿ.

ಈ ಐದೂ ತಾಲ್ಲೂಕುಗಳ ಸರ್ಕಾರಿ ವೈದ್ಯರಲ್ಲಿ, ನರ್ಸ್‌ಗಳಲ್ಲಿ ಒಂದು ವಿನಂತಿ. ಕೀಮೋ ಫೈಲು ಹಿಡಿದು, ಜ್ವರದಲ್ಲಿ ನಿಮ್ಮ ಬಾಗಿಲಿಗೆ ಬಂದವರನ್ನು ಸಾಲಿನಲ್ಲಿ ನಿಲ್ಲಿಸಬೇಡಿ. ಫೈಲಿನಲ್ಲಿರುವ ನಂಬರಿಗೆ ಫೋನ್ ಮಾಡಿ, ಆಂಟಿಬಯೋಟಿಕ್‌ನ ಮೊದಲ ಡೋಸು ಕೊಟ್ಟು, ಆಮೇಲೆ 108ರಲ್ಲಿ ಕಳಿಸಿ.